ಆಲ್ಫ್ರೆಡ್ ರೊನಾಲ್ಡ್ಸ್ (1802–1860): ಸಂಕ್ಷಿಪ್ತ ಪರಿಚಯ

ಗಾಳದ ಮೀನುಗಾರಿಕೆಯಲ್ಲಿ ಆಸಕ್ತಿಯುಳ್ಳ ಸಾರ್ವಜನಿಕರ ಮಾಹಿತಿಗಾಗಿ ಶ್ರೀ ಆಲ್ಫ್ರೆಡ್ ರೊನಾಲ್ಡ್ಸ್ ರವರ ಜೀವನವನ್ನು ಇಲ್ಲಿ ನೀಡಲಾಗಿದೆ. ಇವರು 1802ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು.

ಟ್ರೌಟ್ ಮೀನು ತಿನ್ನುವ ಜಲಕೀಟಗಳಿಗೆ ಆಗ ಊರಿಗೊಂದು ಹೆಸರಿದ್ದು, ಗಾಳಗಾರರಿಗೆ ಗೊಂದಲವಾಗುತ್ತಿತ್ತು. ರೊನಾಲ್ಡ್ಸ್ ರವರು ಸ್ಟಾಫರ್ಡ್‌ಶೈರ್‌ನ ಬ್ಲೈತ್ ನದಿಯ ಬಳಿ ವೀಕ್ಷಣಾ ಗುಡಿಸಲನ್ನು ಕಟ್ಟಿಸಿ, ಮೀನಿನ ಆಹಾರಕ್ರಮವನ್ನು ಗಮನಿಸಿದರು. ಮೀನಿಗೆ ಕಾಣದಂತೆ ಬಂದೂಕು ಹಾರಿಸಿಯೂ ನೋಡಿದರು, ಮೀನುಗಳು ಬೆದರಲಿಲ್ಲ. (ದಡದಲ್ಲಿ ಮಾತನಾಡಬೇಡಿರೆಂದು ಗದರಿಸುವ ಹಿರಿಯರು ಇದನ್ನು ಗಮನಿಸಬಹುದು.)

1836ರಲ್ಲಿ ಪ್ರಕಟವಾದ ಇವರ ‘ದಿ ಫ್ಲೈ-ಫಿಷರ್ಸ್ ಎಂಟಮಾಲಜಿ’ ಗ್ರಂಥದಲ್ಲಿ ಕೀಟದ ವೈಜ್ಞಾನಿಕ ವರ್ಗ, ಕಾಣಿಸಿಕೊಳ್ಳುವ ತಿಂಗಳು ಹಾಗೂ ಅದನ್ನು ಹೋಲುವ ಕೃತಕ ನೊಣದ ವರ್ಣಚಿತ್ರಗಳು ಜೊತೆಯಾಗಿ ದೊರೆತವು. ತಾಮ್ರದ ಫಲಕಗಳನ್ನು ಇವರೇ ಕೆತ್ತಿದ್ದರು. ಕುಳಿತ ಕೀಟದ ರೆಕ್ಕೆ ನೆಟ್ಟಗಿದ್ದರೆ ಮೇಫ್ಲೈ, ಮನೆಯ ಮಾಡಿನಂತೆ ಇಳಿಜಾರಾಗಿದ್ದರೆ ಕ್ಯಾಡಿಸ್, ಬೆನ್ನಿನ ಮೇಲೆ ಚಪ್ಪಟೆಯಾಗಿ ಮಡಿಸಿದ್ದರೆ ಸ್ಟೋನ್‌ಫ್ಲೈ ಎಂದು ಸ್ಥೂಲವಾಗಿ ಗುರುತಿಸಬಹುದಾಗಿದೆ.

1847ರಲ್ಲಿ ಪತ್ನಿವಿಯೋಗವಾದ ತರುವಾಯ, 1848ರಲ್ಲಿ ಮಕ್ಕಳೊಡನೆ ಆಸ್ಟ್ರೇಲಿಯಾಕ್ಕೆ ತೆರಳಿ ಕೆತ್ತನೆ ಕೆಲಸದಿಂದ ಜೀವನ ಸಾಗಿಸಿದರು. 1860ರಲ್ಲಿ ಬ್ಯಾಲರಟ್‌ನಲ್ಲಿ ನಿಧನರಾದರು. ಆ ದೇಶದ ನದಿಗಳಲ್ಲಿ ಆಗ ಟ್ರೌಟ್ ಇರಲಿಲ್ಲ. ಇಂಗ್ಲೆಂಡಿನಿಂದ ಹಡಗಿನಲ್ಲಿ ತಂದ ಮೊಟ್ಟೆಗಳು ಟಾಸ್ಮೇನಿಯಾದಲ್ಲಿ ಮರಿಯಾದದ್ದು 1864ರಲ್ಲಿ.