ಸಾಯೋ ಕಾಯಿಲೆಗೆ ಆಸ್ಪತ್ರೆ ಯಾಕೆ ಅಂದ ಕಾಲದಲ್ಲಿ ಆಸ್ಪತ್ರೆ ಕಟ್ಟಿದ ಡಾ. ಮುತ್ತುಲಕ್ಷ್ಮಿ ರೆಡ್ಡಿ

ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ಬಂದು ಕ್ಯಾನ್ಸರ್ ತಪಾಸಣೆಗೆ ಬನ್ನಿ ಅಂತ ಕರೆದರೆ, ನಮಗೇನಾಗಿದೆ ಅಂತ ಒಳಗೆ ಹೋಗಿಬಿಡುವವರೇ ಜಾಸ್ತಿ. ಅದೇ ಮಾತನ್ನು ಮಹಿಳಾ ಸಂಘದ ವಾರದ ಸಭೆಯಲ್ಲಿ ಪಕ್ಕದ ಮನೆಯಾಕೆ ಹೇಳಿದರೆ ನಾಲ್ಕು ಜನ ಎದ್ದು ಹೊರಡ್ತಾರೆ. ಸಂಘದ ಈ ಶಕ್ತಿ ಏನು ಅಂತ ಎಪ್ಪತ್ತೈದು ವರ್ಷದ ಹಿಂದೆಯೇ ತೋರಿಸಿಕೊಟ್ಟವರು ಮದ್ರಾಸಿನ ಡಾ. ಮುತ್ತುಲಕ್ಷ್ಮಿ ರೆಡ್ಡಿ.

ಹುಟ್ಟಿದ್ದು 1886ರ ಜುಲೈ 30, ತಮಿಳುನಾಡಿನ ಪುದುಕೋಟೆಯಲ್ಲಿ. ತಂದೆ ನಾರಾಯಣಸ್ವಾಮಿ ಅಯ್ಯರ್ ಕಾಲೇಜು ಪ್ರಾಂಶುಪಾಲರು. ತಾಯಿ ಚಂದ್ರಮ್ಮಾಳ್ ದೇವದಾಸಿ ಸಮುದಾಯದವರು. ಹುಡುಗರ ಕಾಲೇಜಿಗೆ ಹುಡುಗಿಯನ್ನು ಸೇರಿಸಬಾರದು ಅಂತ ಊರಲ್ಲಿ ವಿರೋಧ ಎದ್ದಾಗ ಪುದುಕೋಟೆಯ ರಾಜರೇ ಅನುಮತಿ ಕೊಟ್ಟರು. 1912ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಿಂದ ಡಾಕ್ಟರಾಗಿ ಹೊರಬಂದರು. 1927ರಲ್ಲಿ ಮದ್ರಾಸ್ ವಿಧಾನ ಪರಿಷತ್ತಿನ ಉಪಾಧ್ಯಕ್ಷರಾದರು. ದೇವದಾಸಿ ಪದ್ಧತಿ ನಿಲ್ಲಬೇಕು ಅಂತ ಅವರು ಶುರು ಮಾಡಿದ ಹೋರಾಟಕ್ಕೆ ಅಲ್ಲಿ ಕಾಯ್ದೆಯ ಬಲ ಸಿಕ್ಕಿದ್ದು 1947ರಲ್ಲಿ. ನಮ್ಮ ರಾಜ್ಯದಲ್ಲಿ ಇದಕ್ಕೆ ಪ್ರತ್ಯೇಕ ಕಾಯ್ದೆ ಆಗಿದ್ದು 1982ರಲ್ಲಿ, ಅಷ್ಟು ತಡ.

ಇದೆಲ್ಲ ಪಠ್ಯಪುಸ್ತಕದಲ್ಲಿ ಸಿಗುತ್ತೆ. ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು ತಂಗಿಯ ಕಥೆ. 1920ರ ದಶಕದ ಆರಂಭದಲ್ಲಿ ಅವರ ತಂಗಿ ಗುದನಾಳದ ಕ್ಯಾನ್ಸರಿನಿಂದ ತೀರಿಕೊಂಡರು. ಅಕ್ಕ ಸ್ವತಃ ಡಾಕ್ಟರ್, ಆದರೂ ಉಳಿಸಿಕೊಳ್ಳಲು ಆಗಲಿಲ್ಲ. ಆ ನೋವು ಅವರನ್ನು ಬಿಡಲೇ ಇಲ್ಲ. 1925ರಲ್ಲಿ ಹೆಚ್ಚಿನ ಓದಿಗೆ ಲಂಡನ್ನಿಗೆ ಹೋದಾಗ ಅಲ್ಲಿನ ಕ್ಯಾನ್ಸರ್ ಆಸ್ಪತ್ರೆ ನೋಡಿದರು. ಬೇಗ ಸಿಕ್ಕರೆ ಈ ಕಾಯಿಲೆ ವಾಸಿ ಮಾಡಬಹುದು ಅನ್ನೋದು ಅವರಿಗೆ ಖಾತ್ರಿಯಾಯ್ತು.

ಆದರೆ ಇಲ್ಲಿ ಕೇಳುವವರು ಯಾರು? ಕ್ಯಾನ್ಸರ್ ಬಂದವರು ಹೇಗೂ ಸಾಯ್ತಾರೆ, ಅದಕ್ಕೊಂದು ಆಸ್ಪತ್ರೆ ಯಾಕೆ ಅನ್ನೋ ಧೋರಣೆ ಸರ್ಕಾರದಲ್ಲೂ ಇತ್ತು. ಕೊನೆಗೆ ಅವರು ಆಶ್ರಯಿಸಿದ್ದು ಮಹಿಳೆಯರ ಸಂಘವನ್ನು. ಭಾರತೀಯ ಮಹಿಳಾ ಸಂಘದ ಹೆಸರಲ್ಲಿ 1949ರಲ್ಲಿ ಕ್ಯಾನ್ಸರ್ ಪರಿಹಾರ ನಿಧಿ ಶುರುವಾಯ್ತು. ಹಣ ಬೇಡಿ ಒಟ್ಟು ಮಾಡಿದರು. 1952ರಲ್ಲಿ ನೆಹರೂ ಶಂಕುಸ್ಥಾಪನೆ ಮಾಡಿದರು. 1954ರಲ್ಲಿ ಅಡ್ಯಾರಿನಲ್ಲಿ ಆಸ್ಪತ್ರೆ ತೆರೆದಾಗ ಇದ್ದದ್ದು 12 ಹಾಸಿಗೆ. ಅವರ ಮಗ ಡಾ. ಕೃಷ್ಣಮೂರ್ತಿ ಅಲ್ಲೇ ನಿಂತರು, ಮರುವರ್ಷ ಡಾ. ವಿ. ಶಾಂತಾ ಬಂದು ಸೇರಿದರು. ಬೇರೆ ಕಡೆ ಕೆಲಸ ಹಿಡಿದಿದ್ದರೆ ಇಬ್ಬರೂ ಚೆನ್ನಾಗಿ ದುಡಿಯಬಹುದಿತ್ತು ಅನ್ನೋದು ಬೇರೆ ಮಾತು.

ಅವತ್ತು ರೋಗಿಗಳು ಬರ್ತಾ ಇದ್ದದ್ದು ಕಾಯಿಲೆ ಕೈಮೀರಿದ ಮೇಲೆ. ಇವತ್ತೂ ಹಳ್ಳಿ ಕಡೆ ಅದೇ ಕಥೆ. ಬಾಯಲ್ಲಿ ಹುಣ್ಣಾಗಿ ವಾರಗಟ್ಟಲೆ ಮಾಯದಿದ್ದರೂ ಗುಟ್ಕಾ ಹಾಕೋದು ಬಿಡಲ್ಲ. ಎದೆಯಲ್ಲಿ ಗಂಟು ಸಿಕ್ಕರೂ ನೋವಿಲ್ಲವಲ್ಲ ಅಂತ ಹೆಣ್ಣುಮಕ್ಕಳು ಸುಮ್ಮನಿರ್ತಾರೆ. ಮುಟ್ಟು ನಿಂತ ಮೇಲೆ ರಕ್ತ ಹೋದರೆ ಗಂಡನಿಗೂ ಹೇಳಲ್ಲ. 30 ವರ್ಷ ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆ ಈಗ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ, ದುಡ್ಡು ಕೊಡಬೇಕಿಲ್ಲ. ಗರ್ಭಕಂಠಕ್ಕೆ ವಿನೆಗರ್‌ನಂಥ ತೆಳು ಆಮ್ಲ ಹಚ್ಚಿ, ಬಿಳಿ ಕಲೆ ಮೂಡುತ್ತಾ ಅಂತ ನೋಡ್ತಾರೆ. ಕೆಲವೇ ನಿಮಿಷದ ಕೆಲಸ. ಬಿಳಿ ಕಲೆ ಕಂಡ ಮಾತ್ರಕ್ಕೆ ಕ್ಯಾನ್ಸರ್ ಅಂತಲ್ಲ, ಮುಂದಿನ ಪರೀಕ್ಷೆಗೆ ದೊಡ್ಡಾಸ್ಪತ್ರೆಗೆ ಕಳಿಸ್ತಾರೆ ಅಷ್ಟೆ. ಇದನ್ನು ಸರಿಯಾಗಿ ಹೇಳದೆ ಹೆದರಿಸಿದರೆ ಮತ್ತೊಮ್ಮೆ ಯಾರೂ ಬರಲ್ಲ, ಸಂಘದವರು ಗಮನಿಸಬೇಕು.

1956ರಲ್ಲಿ ಮುತ್ತುಲಕ್ಷ್ಮಿ ಅವರಿಗೆ ಪದ್ಮಭೂಷಣ ಬಂತು. 1968ರ ಜುಲೈ 22ರಂದು ತೀರಿಕೊಂಡರು. ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ ಶುರುವಾಗಿದ್ದು ಅದಾದ ಐದು ವರ್ಷಕ್ಕೆ, 1973ರಲ್ಲಿ. ಅಡ್ಯಾರಿನ ಆ 12 ಹಾಸಿಗೆಯ ಆಸ್ಪತ್ರೆ ಬೆಳೆದು ದೊಡ್ಡ ಸಂಸ್ಥೆಯಾಯ್ತು. 1955ರಲ್ಲಿ ಸೇರಿದ್ದ ಶಾಂತಾ ಅವರು 2021ರ ಜನವರಿಯಲ್ಲಿ ತೀರಿಹೋಗುವ ತನಕ ಆ ಆವರಣ ಬಿಡಲಿಲ್ಲ.