ಬಾಲವನದ ಕಾರಂತರು

ಕೋಟ ಶಿವರಾಮ ಕಾರಂತರೆಂದೊಡನೆ ನಮ್ಮ ಹಾಸನ ಸೀಮೆಯ ವಿದ್ಯಾರ್ಥಿಗಳಿಗೆ ನೆನಪಾಗುವುದು ಪಠ್ಯಪುಸ್ತಕದ ಕೃತಿಕಾರ ಪರಿಚಯ: ಹುಟ್ಟಿದ ಊರು, ಜ್ಞಾನಪೀಠ ಪ್ರಶಸ್ತಿ, ನಾಲ್ಕಾರು ಕಾದಂಬರಿಗಳ ಹೆಸರು. ಅದನ್ನು ಕಂಠಪಾಠ ಮಾಡಿಸಿ ಅಂಕವಿತ್ತು ಕಳುಹಿಸಿದ ಪಂಡಿತರಲ್ಲಿ ಈ ಲೇಖಕನೂ ಒಬ್ಬನು. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಗೆ ಅವರ ಜೀವನಚರಿತ್ರೆಯನ್ನೇ ಯೋಜನಾಕಾರ್ಯವಾಗಿ, ಮಕ್ಕಳ ಮಾತಿನಲ್ಲಿ ಹೇಳುವುದಾದರೆ ಪ್ರಾಜೆಕ್ಟ್ ಆಗಿ, ಕೊಟ್ಟೆನು. ಬಂದ ಹಾಳೆಗಳ ಕಟ್ಟನ್ನು ಬಿಚ್ಚಿ ನೋಡಿದರೆ ಎಲ್ಲವೂ ಗಣಕಯಂತ್ರದ ಅಂಗಡಿಯಲ್ಲಿ ಒಂದೇ ಮೂಲದಿಂದ ಅಚ್ಚಾದವು. ಎಲ್ಲದರಲ್ಲಿಯೂ ಅದೇ ಸಾಲಿನಲ್ಲಿ ಅದೇ ಕಾಗುಣಿತದ ದೋಷ! ಮಕ್ಕಳನ್ನು ಗದರಿಸಿದೆನು. ಗದರಿಸಬೇಕಾದುದು ಯಾರನ್ನೆಂಬುದು ಆಮೇಲೆ ಹೊಳೆಯಿತು. ಕಂಡುಹಿಡಿಯುವುದಕ್ಕೆ ಏನೂ ಇಲ್ಲದ ಪ್ರಶ್ನೆಯನ್ನು ಕೊಟ್ಟವನು ನಾನೇ. ಆ ಲಜ್ಜೆಯಿಂದಲೇ ಕಾರಂತರ ಬಾಳನ್ನು ಮತ್ತೊಮ್ಮೆ, ಈ ಸಲ ಉಪಾಧ್ಯಾಯನ ದೃಷ್ಟಿಯಿಂದ, ಓದತೊಡಗಿದೆನು.

ಕಾರಂತರು ಜನಿಸಿದ್ದು 1902ರ ಅಕ್ಟೋಬರ್ 10ರಂದು, ಕುಂದಾಪುರದ ಕಡೆಯ ಕೋಟದಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮನವರು. ಮಂಗಳೂರಿನಲ್ಲಿ ಕಾಲೇಜು ವ್ಯಾಸಂಗ ಮಾಡುತ್ತಿದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಓದನ್ನು ತೊರೆದರು. ಆಮೇಲೆ ಖಾದಿಯ ಪ್ರಚಾರ, 'ವಸಂತ'ವೆಂಬ ಪತ್ರಿಕೆ, ನಾಟಕ ಎಂದು ಊರೂರು ತಿರುಗಿ ಪುತ್ತೂರಿನಲ್ಲಿ ನೆಲೆನಿಂತರು. ಪದವಿಯನ್ನು ಪಡೆಯದ ಈ ಮಹನೀಯರಿಗೆ ಮುಂದೆ ವಿಶ್ವವಿದ್ಯಾಲಯಗಳೇ ಗೌರವ ಡಾಕ್ಟರೇಟುಗಳನ್ನಿತ್ತವು.

ಅವರಿಗೆ ಹೊಸ ಯಂತ್ರಗಳೆಂದರೆ ಭಯವಿರಲಿಲ್ಲ, ಭ್ರಮೆಯೂ ಇರಲಿಲ್ಲ. ಚಲನಚಿತ್ರಕ್ಕೆ ಇನ್ನೂ ಮಾತು ಬಾರದಿದ್ದ ಕಾಲದಲ್ಲಿ, 1930ರ ಸುಮಾರಿಗೆ, 'ಡೊಮಿಂಗೊ', 'ಭೂತರಾಜ್ಯ' ಎಂಬ ಮೂಕಿಚಿತ್ರಗಳನ್ನು ತಯಾರಿಸಿದರು. ಕ್ಯಾಮರಾ ಹಿಡಿದರು. ಪುತ್ತೂರಿನಲ್ಲಿ ಮುದ್ರಣಾಲಯವನ್ನೂ ನಡೆಸಿದರು. ಚಲನಚಿತ್ರವು ಅವರಿಗೆ ವೃತ್ತಿಯಾಗಲಿಲ್ಲ; ಆದರೆ ಪ್ರತಿಯೊಂದು ಉಪಕರಣವನ್ನೂ ಅವರು ಯಾವುದೋ ಒಂದು ಹೇಳಬೇಕಾದ ಅಥವಾ ತಿಳಿಯಬೇಕಾದ ವಿಷಯಕ್ಕಾಗಿ ಕೈಗೆತ್ತಿಕೊಂಡರೇ ಹೊರತು ಉಪಕರಣಕ್ಕಾಗಿ ವಿಷಯವನ್ನು ಹುಡುಕಲಿಲ್ಲ. ಇಂದು ಶಾಲೆಗೆ ಗಣಕಯಂತ್ರ ಬಂದ ದಿನವೇ ಮಕ್ಕಳೆಲ್ಲ ಆಧುನಿಕರಾದರೆಂದು ತಿಳಿಯುವ ನಮಗೆ ಈ ಕ್ರಮವು ತಲೆಕೆಳಗಾಗಿದೆ.

ಪುತ್ತೂರಿನ ಪರ್ಲಡ್ಕದಲ್ಲಿ ಮೂವತ್ತರ ದಶಕದಲ್ಲಿ ಅವರು ಕಟ್ಟಿದ ಬಾಲವನವು ಶಿಕ್ಷಣದ ಒಂದು ಪ್ರಯೋಗಶಾಲೆ. ಆಟ, ಹಾಡು, ಕುಣಿತ, ಚಿತ್ರಲೇಖನ, ನಾಟಕ, ಗಿಡಮರಗಳ ಒಡನಾಟ, ಇವು ಅಲ್ಲಿ ಪಾಠದ ನಡುವಿನ ವಿರಾಮಗಳಲ್ಲ, ಪಾಠಗಳೇ. ಆ ಕಾಲದಲ್ಲಿಯೇ, 1936ರಲ್ಲಿ, 'ಬಾಲಪ್ರಪಂಚ'ವೆಂಬ ಮೂರು ಸಂಪುಟಗಳ ಮಕ್ಕಳ ವಿಶ್ವಕೋಶವು ಹೊರಬಂದಿತು. ಇಂಥ ಗ್ರಂಥಕ್ಕೆ ಇಂದಾದರೆ ಸಮಿತಿ, ಉಪಸಮಿತಿ, ಸಂಪಾದಕಮಂಡಲಿಗಳು ಬೇಕು. ಅಂದು ಒಬ್ಬರೇ ಕುಳಿತು ಬರೆದರು. ಕನ್ನಡದಲ್ಲಿ ಹಿಂದೆ ಯಾರೂ ಮಕ್ಕಳಿಗೆ ಹೇಳದಿದ್ದ ಸಂಗತಿಗಳಿಗೆ ಮಾತುಗಳನ್ನು ಹುಡುಕಬೇಕಾಯಿತು. ನಮ್ಮಂಥ ವಿದ್ವತ್ ಪರೀಕ್ಷೆಯವರ ಕೈಗೆ ಆ ಕೆಲಸ ಬಿದ್ದಿದ್ದರೆ ಪುಟಕ್ಕೆ ಹತ್ತು ಸಮಾಸಗಳು ಹುಟ್ಟಿ, ಮಗುವು ಪುಸ್ತಕವನ್ನು ಮುಚ್ಚಿಡುತ್ತಿತ್ತು! ಮಾತಿನ ಈ ಹುಡುಕಾಟದ ಜೊತೆಯಲ್ಲಿಯೇ ನಿಘಂಟಿನ ಕೆಲಸವೂ ಸಾಗಿ 1941ರಲ್ಲಿ 'ಸಿರಿಗನ್ನಡ ಅರ್ಥಕೋಶ'ವಾಯಿತು. ವಿಜ್ಞಾನದ ಪದವೀಧರರಲ್ಲದ ಅವರೇ 1959ರಿಂದ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನೂ ಹೊರತಂದರು. ಯಕ್ಷಗಾನವನ್ನು ಬಲ್ಲ ಕರಾವಳಿಯವರೇ ಆಗಿದ್ದರೂ ಅದನ್ನು ಮತ್ತೆ ಮೊದಲಿನಿಂದ ಅಧ್ಯಯನ ಮಾಡಿ ಬರೆದ 'ಯಕ್ಷಗಾನ ಬಯಲಾಟ'ಕ್ಕೆ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ದೊರೆಯಿತು.

ಬಾಲವನದ ಶಾಲೆ ಬಹುಕಾಲ ನಡೆಯಲಿಲ್ಲವೆಂಬುದನ್ನು ಮರೆಮಾಚಬೇಕಾಗಿಲ್ಲ. ಒಬ್ಬ ವ್ಯಕ್ತಿಯ ಹೆಗಲ ಮೇಲೆ ನಿಂತ ಸಂಸ್ಥೆಯ ಪಾಡು ಅದು. ಆದರೆ ಅಲ್ಲಿಯ ದೃಷ್ಟಿ ಕಳೆದುಹೋಗಲಿಲ್ಲ. ಅವರ ಪುತ್ರ ಉಲ್ಲಾಸ ಕಾರಂತರು ವನ್ಯಜೀವಿ ವಿಜ್ಞಾನಿಯಾಗಿ, ನಾಗರಹೊಳೆಯ ಕಾಡಿನಲ್ಲಿ ತಾವಾಗಿಯೇ ಚಿತ್ರ ತೆಗೆಯುವ ಕ್ಯಾಮರಾಗಳನ್ನಿರಿಸಿ, ಮೈಮೇಲಿನ ಪಟ್ಟೆಗಳಿಂದ ಹುಲಿಗಳನ್ನು ಒಂದೊಂದಾಗಿ ಗುರುತಿಸಿ ಎಣಿಸುವ ವಿಧಾನವನ್ನು ಬೆಳೆಸಿದರು. ತಂದೆಯ ಕೈಯ ಕ್ಯಾಮರಾ ಮಗನ ಕಾಲಕ್ಕೆ ಮರಕ್ಕೆ ಕಟ್ಟಿದ ಕಣ್ಣಾಯಿತು.

ಇಷ್ಟನ್ನು ಓದಿದ ಮೇಲೆ ಮರುವರ್ಷದ ಪ್ರಶ್ನೆಯನ್ನು ಬದಲಿಸಿದೆನು. ಒಂದೇ ವಾರದಲ್ಲಿ ಬಿತ್ತಿದ ಎರಡು ಹೊಲಗಳಲ್ಲಿ ಒಂದರ ಆಲೂಗಡ್ಡೆಗೆ ಅಂಗಮಾರಿ ಬಡಿದು ಇನ್ನೊಂದು ಏಕೆ ಉಳಿಯಿತು? ಅರಕಲಗೂಡು, ಹೊಳೆನರಸೀಪುರದ ಕಡೆಯ ಮಕ್ಕಳು ಬಿತ್ತನೆಯ ದಿನ, ಬೀಜ ಬಂದ ಊರು, ಮಳೆ, ಔಷಧಿ ಹೊಡೆದ ದಿನಗಳನ್ನು ಬರೆದುತಂದರು. ಮನೆಯ ಹಿರಿಯರ ಮೊಬೈಲಿನಲ್ಲಿ ಎಲೆಗಳ ಚಿತ್ರವನ್ನು ತೆಗೆದರು. ಚನ್ನರಾಯಪಟ್ಟಣದ ಕಡೆಯವರು ತೆಂಗಿನ ಕಪ್ಪುತಲೆ ಹುಳುವನ್ನು ಆರಿಸಿಕೊಂಡರು. ಗಣಕಯಂತ್ರದಲ್ಲಿ ಕೋಷ್ಟಕ ಮಾಡುವಾಗ ಒಂದು ತೊಡಕು ಬಂದಿತು. ಕೆಲವರು ತಾರೀಖು ಹಾಕಿದ್ದರು. ಅಜ್ಜಂದಿರನ್ನು ಕೇಳಿ ಬಂದವರು ಮೃಗಶಿರೆಯ ಮಳೆ, ಆರಿದ್ರೆಯ ಮಳೆ ಎಂದು ಬರೆದಿದ್ದರು. ಯಂತ್ರಕ್ಕೆ ಆರಿದ್ರೆ ತಿಳಿಯದು. ಆಗ ಪಂಚಾಂಗವನ್ನು ಹಿಡಿದು ನಕ್ಷತ್ರಗಳನ್ನು ತಾರೀಖಿಗೆ ಇಳಿಸಿಕೊಡುವ ಭಾಗ್ಯ ನನ್ನದಾಯಿತು. ಕೋಷ್ಟಕ ಹಾಕುವುದನ್ನು ಮಕ್ಕಳಿಂದ ನಾನು ಕಲಿತೆನು. ಅಂಗಮಾರಿಯ ಕಾರಣ ಪೂರ್ತಿ ಇತ್ಯರ್ಥವಾಗಲಿಲ್ಲ. ಎಡೆಬಿಡದ ಜಿಟಿಜಿಟಿ ಮಳೆ, ಮೋಡ ಮುಚ್ಚಿದ ದಿನಗಳು, ತಗ್ಗಿನಲ್ಲಿ ನಿಂತ ನೀರು, ಇಷ್ಟರವರೆಗೆ ಬಂದರು. ಹಾಳೆಗಳಲ್ಲಿ ಕಾಗುಣಿತದ ದೋಷಗಳು ಯಥೇಚ್ಛವಾಗಿದ್ದವು, ಆದರೆ ಒಬ್ಬೊಬ್ಬರದು ಒಂದೊಂದು.

ಕಾರಂತರು ಇಳಿವಯಸ್ಸಿನಲ್ಲಿಯೂ ಸುಮ್ಮನೆ ಕುಳಿತವರಲ್ಲ. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದರು. 'ಮೂಕಜ್ಜಿಯ ಕನಸುಗಳು' ಕೃತಿಗೆ 1977ರ ಜ್ಞಾನಪೀಠ ಪ್ರಶಸ್ತಿ ಬಂದಿತು. ಕೈಗಾ ಅಣುಸ್ಥಾವರವನ್ನು ವಿರೋಧಿಸಿದರು. 1989ರಲ್ಲಿ ಲೋಕಸಭೆಯ ಚುನಾವಣೆಗೂ ನಿಂತು ಸೋತರು. ತೊಂಬತ್ತು ದಾಟಿದ ಮೇಲೆ ಹಕ್ಕಿಗಳ ಕುರಿತು ಪುಸ್ತಕ ಬರೆಯಲು ಕುಳಿತರು. 1997ರ ಡಿಸೆಂಬರ್ 9ರಂದು ದಿವಂಗತರಾದರು.

ಬಾಲವನದಲ್ಲಿ ಅವರಿದ್ದ ಮನೆಯನ್ನು ಸ್ಮಾರಕವಾಗಿ ಉಳಿಸಿಕೊಳ್ಳಲಾಗಿದೆ. ಹೊಳೆನರಸೀಪುರದಿಂದ ಹಾಸನ, ಸಕಲೇಶಪುರಗಳ ಮೇಲೆ ಘಟ್ಟವಿಳಿದು ಹೋಗುವ ರೈಲು ಕಬಕ ಪುತ್ತೂರಿನ ಮೂಲಕವೇ ಮಂಗಳೂರಿಗೆ ಸಾಗುತ್ತದೆ. ಮುಂದಿನ ಪ್ರವಾಸವನ್ನು ಅಲ್ಲಿಗೆ ಏರ್ಪಡಿಸುವ ವಿಚಾರವಿದೆ. ಹೊರಡುವ ಮಕ್ಕಳು ತಲಾ ಒಂದು ಪ್ರಶ್ನೆಯನ್ನು ಬರೆದುಕೊಂಡು ಬರತಕ್ಕದ್ದು. ಉತ್ತರ ಗೊತ್ತಿರುವ ಪ್ರಶ್ನೆಯನ್ನು ತಂದವರು ಇನ್ನೊಂದನ್ನು ಯೋಚಿಸಿಕೊಂಡು ಬರಬೇಕಾಗುತ್ತದೆ.