ಸೋಯಾ ಕಾಳಿನಿಂದ ಔಷಧ ತೆಗೆದ ಪರ್ಸಿ ಜೂಲಿಯನ್

ಸೋಲಾಪುರ, ಅಕ್ಕಲಕೋಟ ಭಾಗದ ರೈತರಿಗೆ ಸೋಯಾಬೀನ್ ಎಂದರೆ ಎಣ್ಣೆ ಮತ್ತು ಹಿಂಡಿಯ ಬೆಳೆ. ಇದೇ ಕಾಳಿನ ಎಣ್ಣೆಯಿಂದ ಮನುಷ್ಯ ದೇಹದ ಹಾರ್ಮೋನುಗಳನ್ನು ಕಾರ್ಖಾನೆ ಪ್ರಮಾಣದಲ್ಲಿ ತಯಾರಿಸಿದವರು ಅಮೆರಿಕದ ರಸಾಯನ ವಿಜ್ಞಾನಿ ಪರ್ಸಿ ಜೂಲಿಯನ್. ದುಬಾರಿ ಔಷಧಗಳು ಸಾಮಾನ್ಯರ ಕೈಗೆಟುಕುವಂತಾಗಲು ಅವರ ಸಂಶೋಧನೆ ದೊಡ್ಡ ಕಾರಣ. ಆದರೆ ಕಪ್ಪು ಬಣ್ಣದವರೆಂಬ ಒಂದೇ ಕಾರಣಕ್ಕೆ ಅವರಿಗೆ ಜೀವನದುದ್ದಕ್ಕೂ ಬಾಗಿಲುಗಳು ಮುಚ್ಚುತ್ತಲೇ ಹೋದವು.

ಜೂಲಿಯನ್ 1899ರ ಏಪ್ರಿಲ್ 11ರಂದು ಅಲಬಾಮಾ ರಾಜ್ಯದ ಮಾಂಟ್ಗೊಮರಿಯಲ್ಲಿ ಜನಿಸಿದರು. ಅಜ್ಜ ಗುಲಾಮರಾಗಿದ್ದವರು. ತಂದೆ ರೈಲ್ವೆ ಅಂಚೆ ಗುಮಾಸ್ತರು, ತಾಯಿ ಶಾಲಾ ಶಿಕ್ಷಕಿ. ಊರಿನಲ್ಲಿ ಕಪ್ಪು ಮಕ್ಕಳಿಗೆ ಸರಕಾರಿ ಪ್ರೌಢಶಾಲೆಯೇ ಇರಲಿಲ್ಲ. ಇಂಡಿಯಾನಾದ ಡಿಪಾ ವಿಶ್ವವಿದ್ಯಾಲಯ ಸೇರಿದ ಅವರು ಬಿಟ್ಟುಹೋದ ಪ್ರೌಢಶಾಲಾ ಪಾಠಗಳನ್ನು ಜತೆಜತೆಗೇ ಓದಿಕೊಂಡು, ಕೂಲಿ ಕೆಲಸ ಮಾಡುತ್ತಾ 1920ರಲ್ಲಿ ತರಗತಿಗೇ ಮೊದಲಿಗರಾಗಿ ಪದವಿ ಪಡೆದರು.

1923ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಸ್ನಾತಕೋತ್ತರ ಪದವಿ ಬಂತು. ಆದರೆ ಕಪ್ಪು ಶಿಕ್ಷಕನಿಂದ ಬಿಳಿಯ ವಿದ್ಯಾರ್ಥಿಗಳು ಪಾಠ ಹೇಳಿಸಿಕೊಳ್ಳಲಾರರೆಂಬ ಅಳುಕಿನಿಂದ ಅಲ್ಲಿ ಬೋಧನೆಯ ಅವಕಾಶ ಸಿಗಲಿಲ್ಲ. ಡಾಕ್ಟರೇಟ್‌ಗಾಗಿ ಅವರು ಸಮುದ್ರ ದಾಟಿ ಆಸ್ಟ್ರಿಯಾದ ವಿಯೆನ್ನಾಕ್ಕೆ ಹೋಗಬೇಕಾಯಿತು. 1931ರಲ್ಲಿ ಅದನ್ನು ಪಡೆದರು. ಸಸ್ಯಗಳಲ್ಲಿರುವ ಔಷಧೀಯ ವಸ್ತುಗಳೇ ಅವರ ಅಧ್ಯಯನದ ವಿಷಯ.

ಪಶ್ಚಿಮ ಆಫ್ರಿಕಾದಲ್ಲಿ ಕ್ಯಾಲಬಾರ್ ಎಂಬ ವಿಷದ ಕಾಳಿದೆ. ಹಿಂದೆ ಆರೋಪಿಗಳಿಗೆ ಅದನ್ನು ತಿನ್ನಿಸಿ, ಬದುಕಿದರೆ ನಿರಪರಾಧಿ ಎಂದು ತೀರ್ಮಾನಿಸುತ್ತಿದ್ದರು. ಅದರಲ್ಲಿರುವ ಫೈಸೋಸ್ಟಿಗ್ಮಿನ್ ಕಣ್ಣಿನ ಗ್ಲಾಕೋಮಾ ರೋಗಕ್ಕೆ ಔಷಧವಾಗಿತ್ತು. 1935ರಲ್ಲಿ ಜೂಲಿಯನ್ ಮತ್ತು ಸಹೋದ್ಯೋಗಿ ಜೋಸೆಫ್ ಪಿಕ್ಲ್ ಅದನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿದರು. ಆಕ್ಸ್‌ಫರ್ಡ್‌ನ ಹೆಸರಾಂತ ವಿಜ್ಞಾನಿ ರಾಬರ್ಟ್ ರಾಬಿನ್ಸನ್ ತೋರಿಸಿದ್ದ ದಾರಿ ತಪ್ಪೆಂದೂ ಸಾಬೀತಾಯಿತು. ಇಷ್ಟಾದರೂ ಡಿಪಾದಲ್ಲಿ ಜೂಲಿಯನ್‌ರಿಗೆ ಪ್ರಾಧ್ಯಾಪಕ ಹುದ್ದೆ ದೊರೆಯಲಿಲ್ಲ.

1936ರಲ್ಲಿ ಶಿಕಾಗೋದ ಗ್ಲಿಡನ್ ಕಂಪೆನಿ ಸೋಯಾ ವಿಭಾಗದ ಸಂಶೋಧನೆಯ ಹೊಣೆಯನ್ನು ಅವರಿಗೆ ವಹಿಸಿತು. 1940ರಲ್ಲಿ ಸೋಯಾ ಎಣ್ಣೆಯ ದೊಡ್ಡ ಟ್ಯಾಂಕಿಗೆ ನೀರು ಸೋರಿ ಬಿಳಿಯ ಗಷ್ಟು ಕಟ್ಟಿತು. ಕೆಲಸಗಾರರು ಎಣ್ಣೆ ಕೆಟ್ಟಿತೆಂದುಕೊಂಡರು. ಕ್ಯಾಲಬಾರ್ ಕಾಳಿನಲ್ಲಿ ಮೊದಲೇ ಸ್ಟಿಗ್ಮಾಸ್ಟೆರಾಲ್ ಹರಳುಗಳನ್ನು ಕಂಡಿದ್ದ ಜೂಲಿಯನ್ ಮಾತ್ರ ಇದೂ ಅದೇ ಎಂದು ಗುರುತಿಸಿದರು. ಈ ಸಸ್ಯದ ವಸ್ತುವಿನ ಚೌಕಟ್ಟಿಗೂ ನಮ್ಮ ದೇಹದ ಹಾರ್ಮೋನುಗಳ ಚೌಕಟ್ಟಿಗೂ ಹೋಲಿಕೆಯಿದೆ. ಅದರ ಬಾಲವನ್ನು ಕತ್ತರಿಸಿ ಪ್ರೊಜೆಸ್ಟರಾನ್ ಎಂಬ ಸ್ತ್ರೀ ಹಾರ್ಮೋನು ಮಾಡಬಹುದೆಂದು ಜರ್ಮನಿಯಲ್ಲಿ 1934ರಲ್ಲೇ ತಿಳಿದಿತ್ತು. ಪ್ರಾಣಿಗಳ ಅಂಗಗಳಿಂದ ಚಿಟಿಕೆಯಷ್ಟು ಸಿಗುತ್ತಿದ್ದ ಈ ಹಾರ್ಮೋನನ್ನು ಜೂಲಿಯನ್ ಸೋಯಾದಿಂದ ಪೌಂಡುಗಳ ಲೆಕ್ಕದಲ್ಲಿ ತಯಾರಿಸಿದರು. ಗರ್ಭಪಾತ ತಡೆಯಲು ಅಂದಿನ ವೈದ್ಯರು ಇದನ್ನು ಕೊಡುತ್ತಿದ್ದರು.

ಇಲ್ಲೊಂದು ಮಾತು ಸ್ಪಷ್ಟವಾಗಬೇಕು. ಸೋಯಾ ಕಾಳಿನಲ್ಲಿ ಐಸೋಫ್ಲೇವೋನ್ ಎಂಬ ಸಸ್ಯ ಈಸ್ಟ್ರೋಜನ್‌ಗಳೂ ಇವೆ. ಅವು ತಿಂದಾಗ ದೇಹದಲ್ಲಿ ಹಾರ್ಮೋನಿನಂತೆ ಅಲ್ಪಸ್ವಲ್ಪ ವರ್ತಿಸುತ್ತವೆ. ಜೂಲಿಯನ್ ಬಳಸಿದ್ದು ಅದನ್ನಲ್ಲ, ಎಣ್ಣೆಯಲ್ಲಿರುವ ಸ್ಟೆರಾಲನ್ನು. ಅದು ಬರೀ ಕಚ್ಚಾ ವಸ್ತು. ಸೋಯಾ ತಿಂದರೆ ಪ್ರೊಜೆಸ್ಟರಾನ್ ಸಿಗುವುದಿಲ್ಲ, ನಡುವೆ ರಸಾಯನ ಶಾಸ್ತ್ರದ ಹಲವು ಹಂತಗಳಿವೆ.

1949ರ ಹೊತ್ತಿಗೆ ಕೀಲುನೋವಿಗೆ ಕಾರ್ಟಿಸೋನ್ ಪರಿಣಾಮಕಾರಿ ಎಂಬ ಸುದ್ದಿ ಹಬ್ಬಿತು. ಎತ್ತಿನ ಪಿತ್ತರಸದಿಂದ ತಯಾರಾಗುತ್ತಿದ್ದ ಅದು ವಿಪರೀತ ದುಬಾರಿ. ಹೈಡ್ರೋಕಾರ್ಟಿಸೋನ್‌ಗಿಂತ ಒಂದೇ ಒಂದು ಆಮ್ಲಜನಕ ಕಣ ಕಡಿಮೆಯಿರುವ ವಸ್ತುವನ್ನು ಜೂಲಿಯನ್ ಕಡಿಮೆ ಖರ್ಚಿನಲ್ಲಿ ತಯಾರಿಸಿದರು. ಕೊನೆಯ ಆ ಕಣವನ್ನು ಸೇರಿಸುವ ಕೆಲಸವನ್ನು ಮುಂದೆ ಸೂಕ್ಷ್ಮಜೀವಿಗಳಿಂದ ಮಾಡಿಸಲು ಸಾಧ್ಯವಾಯಿತು.

1950ರಲ್ಲಿ ಶಿಕಾಗೋ ನಗರದ ಪತ್ರಿಕೆಯೊಂದು ಅವರನ್ನು ವರ್ಷದ ವ್ಯಕ್ತಿಯೆಂದು ಗೌರವಿಸಿತು. ಅದೇ ವರ್ಷ ಓಕ್ ಪಾರ್ಕ್ ಬಡಾವಣೆಯಲ್ಲಿ ಅವರು ಕೊಂಡ ಮನೆಗೆ, ಸಂಸಾರ ಬಂದು ಸೇರುವ ಮೊದಲೇ, ಬೆಂಕಿ ಹಚ್ಚುವ ಯತ್ನ ನಡೆಯಿತು. 1951ರ ಜೂನ್‌ನಲ್ಲಿ ಡೈನಮೈಟ್ ಎಸೆಯಲಾಯಿತು. ಬಂದೂಕು ಹಿಡಿದು ಕಾವಲು ಕುಳಿತ ಜೂಲಿಯನ್ ಮನೆ ಬಿಡಲಿಲ್ಲ.

1953ರಲ್ಲಿ ಗ್ಲಿಡನ್ ತೊರೆದು ಸ್ವಂತ ಕಂಪೆನಿ ತೆರೆದರು. ಮೆಕ್ಸಿಕೋದ ಕಾಡುಗೆಣಸಿನಿಂದ ಹಾರ್ಮೋನಿನ ಮೂಲವಸ್ತು ತಯಾರಿಸುತ್ತಿದ್ದ ಆ ಕಂಪೆನಿ ಕಪ್ಪು ಜನಾಂಗದ ಅನೇಕ ರಸಾಯನ ತಜ್ಞರಿಗೆ ಕೆಲಸ ಕೊಟ್ಟಿತು. 1961ರಲ್ಲಿ ಅದು ಸುಮಾರು 23 ಲಕ್ಷ ಡಾಲರಿಗೆ ಮಾರಾಟವಾಯಿತು. 1973ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯತ್ವ ಬಂತು.

ಜೂಲಿಯನ್ 1975ರ ಏಪ್ರಿಲ್ 19ರಂದು ನಿಧನರಾದರು. ಪ್ರಾಧ್ಯಾಪಕ ಹುದ್ದೆ ಕೊಡದಿದ್ದ ಡಿಪಾ ವಿಶ್ವವಿದ್ಯಾಲಯ 1980ರಲ್ಲಿ ತನ್ನ ವಿಜ್ಞಾನ ಮತ್ತು ಗಣಿತ ಕಟ್ಟಡಕ್ಕೆ ಅವರ ಹೆಸರಿಟ್ಟಿತು. 1993ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಚಿತ್ರವುಳ್ಳ ಚೀಟಿ ಹೊರತಂದಿತು.